ಹಟ್ಟಿಯ ಹೊರಗೆ ನಿಂತ ಹಳೆಮಗ

ತುಮಕೂರು ಸೀಮೆಯ ರಂಗಭೂಮಿಯ ಮಾತು ಬಂದರೆ ಎಲ್ಲರಿಗೂ ಬಾಯಿಪಾಠ: 1884ರ ಗುಬ್ಬಿ ಕಂಪನಿ, ವೀರಣ್ಣನವರು, ‘ಕುರುಕ್ಷೇತ್ರ’ ನಾಟಕಕ್ಕೆ ಬಂದ ಆನೆ, ಕುದುರೆ. ತೆರೆಯಿಲ್ಲದೆ, ಟಿಕೆಟ್ಟಿಲ್ಲದೆ ಮಾದಿಗರ ಹಟ್ಟಿಯ ಮುಂದೆ ಕಥೆ ಹೇಳಿಕೊಂಡು ಬಂದ ದಕ್ಕಲಿಗರ ಸುದ್ದಿ ಮಾತ್ರ ಯಾರಿಗೂ ಬೇಡ. ಬೇಕಾಗಿದ್ದು ತುಮಕೂರಿನ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ, ದಲಿತ ಸಂಘರ್ಷ ಸಮಿತಿಯಲ್ಲಿ ದುಡಿದ ಕೆ.ಬಿ. ಸಿದ್ದಯ್ಯನವರಿಗೆ. ‘ದಕ್ಲಕಥಾ ದೇವಿಕಾವ್ಯ’ ಹುಟ್ಟಿದ್ದು ಹಾಗೆ.

ದಕ್ಕಲಿಗ ಎಂದರೆ ಮಾದಿಗರ ಹಳೆಮಗ. ಹಟ್ಟಿಗೆ ಬಂದಾಗ ಅವನಿಗೆ ಸಲ್ಲಬೇಕಾದ್ದು ಸಲ್ಲಲೇಬೇಕು. ಅದು ಭಿಕ್ಷೆಯಲ್ಲ, ಮಗನ ಹಕ್ಕು. ಆದಿಜಾಂಬವನಿಂದ ಹಿಡಿದು ಕುಲದ ಕಥೆಯೆಲ್ಲ ಅವನ ಬಾಯಿಂದಲೇ ಬರಬೇಕು. ಅಷ್ಟಾದರೂ ಬಿಡಾರ ಹಟ್ಟಿಯಾಚೆ. ಹೊಸ್ತಿಲು ತುಳಿಯುವಂತಿಲ್ಲ, ಮುಟ್ಟುವಂತಿಲ್ಲ. ಊರು ಹೊರಗಿಟ್ಟವರು ತಾವೂ ಒಬ್ಬನನ್ನು ಹೊರಗಿಟ್ಟರು, ಅವನನ್ನೇ ಮಗ ಎಂದೂ ಕರೆದರು.

ನಮ್ಮ ಕಾದಂಬರಿಗಳು ಅಸ್ಪೃಶ್ಯರ ಸಂಸಾರ ಒಡೆಯುವುದನ್ನು ಮೊದಲೇ ಕಂಡಿದ್ದವು. 1933ರ ‘ಚೋಮನ ದುಡಿ’ಯಲ್ಲಿ ಒಬ್ಬ ಮಗ ನೀರಲ್ಲಿ ಮುಳುಗುತ್ತಿದ್ದರೂ ಮೇಲುಜಾತಿಯವರು ಮುಟ್ಟಲು ಹೋಗದೆ ನಿಲ್ಲುತ್ತಾರೆ, ಇನ್ನೊಬ್ಬ ಕ್ರೈಸ್ತನಾಗಿ ಮನೆಯಿಂದ ದೂರವಾಗುತ್ತಾನೆ. ದೇವನೂರರ ‘ಒಡಲಾಳ’ದಲ್ಲಿ ಸಾಕವ್ವನ ಮನೆಮಂದಿ ರಾತ್ರಿಯೆಲ್ಲ ಕೂತು ಕಡಲೇಕಾಯಿ ತಿಂದದ್ದಕ್ಕೆ ಬೆಳಗ್ಗೆ ಪೊಲೀಸರು ಬಾಗಿಲಿಗೆ ಬರುತ್ತಾರೆ. ಅಲ್ಲೆಲ್ಲ ಪೀಡೆ ಹೊರಗಿನಿಂದ ಬರುತ್ತದೆ. ಆ ಮನೆಯ ಬಾಗಿಲಲ್ಲೇ ಇನ್ನೊಬ್ಬ ನಿಂತಿದ್ದಾನೆ ಎಂದು ತೋರಿಸಿದ್ದು ಸಿದ್ದಯ್ಯನವರ ಕಾವ್ಯ. ಮಾದಿಗ ತಾನು ಯಾರೆಂದು ತಿಳಿಯಲು ತಾನೇ ಮುಟ್ಟಿಸಿಕೊಳ್ಳದವನ ಬಾಯಿ ನೋಡಬೇಕು. ಇದಕ್ಕಿಂತ ಇಕ್ಕಟ್ಟಿನ ಕಥೆ ಯಾವ ಕಾದಂಬರಿಕಾರನಿಗೆ ಸಿಕ್ಕೀತು?

ಸಿದ್ದಯ್ಯನವರ ಇನ್ನೊಂದು ಖಂಡಕಾವ್ಯದ ಹೆಸರು ‘ಗಲ್ಲೆಬಾನಿ’. ತಂಗಡಿ ಚಕ್ಕೆಯ ನೀರಲ್ಲಿ ತೊಗಲು ನೆನೆಹಾಕುವ ಬಾನಿ ಅದು. ಬಳಿ ಸುಳಿದವರು ಮೂಗು ಮುಚ್ಚಿಕೊಳ್ಳಬೇಕು, ಅಂಥ ನಾತ. ಮಗ ಪರಶುರಾಮ ಕೊಡಲಿ ಹಿಡಿದು ಅಟ್ಟಿಸಿಕೊಂಡು ಬಂದಾಗ ರೇಣುಕೆ ಅಡಗಿ ಕೂತದ್ದು ಮಾತಂಗಿಯ ಮನೆಯ ಇಂಥ ಬಾನಿಯಲ್ಲೇ ಎಂದು ಜನ ಹೇಳುತ್ತಾರೆ. ಓಡಿಬಂದ ತಾಯಿಗೆ ಜಾಗ ಕೊಟ್ಟ ಮನೆಯೊಳಗೆ ಹಳೆಮಗನಿಗೆ ಮಾತ್ರ ಪ್ರವೇಶವಿಲ್ಲ.

ಸಿದ್ದಯ್ಯ ಅರ್ಥವಾಗುವುದಿಲ್ಲ ಎಂಬ ತಕರಾರು ಹಳೆಯದು. 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂದು, ಅದರ ಪದ್ಯಗಳು ಮೆರವಣಿಗೆಯಲ್ಲಿ ಕೂಗಿಗೆ ಕೂಗು ಕೊಟ್ಟಿದ್ದವು. ಚಳವಳಿಯವರೇ ಆಗಿ ಹೀಗೆ ಒಗಟು ಕಟ್ಟುವುದೇ ಎಂದು ಗೊಣಗಿದವರಿಗೆ ತಮ್ಮ ನೆಲದ ಗುರುತು ಇರಲಿಲ್ಲ ಎಂದೇ ನನ್ನ ವಾದ. ತುಮಕೂರಿನಿಂದ ಕುಣಿಗಲ್ ರಸ್ತೆ ಹಿಡಿದರೆ ಗೂಳೂರು. ಅಲ್ಲಮನನ್ನು ನಡುವಿಗಿಟ್ಟ ‘ಶೂನ್ಯಸಂಪಾದನೆ’ಯ ಒಂದು ಪರಿಷ್ಕರಣೆ ಮಾಡಿದ ಸಿದ್ಧವೀರಣ್ಣೊಡೆಯರ ಊರು. ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ಅವರ ಗುರು ತೋಂಟದ ಸಿದ್ಧಲಿಂಗರ ಗದ್ದುಗೆ. ಅಲ್ಲಮನ ಬೆಡಗು ಇಲ್ಲಿ ಪರಸ್ಥಳದ ಮಾಲಲ್ಲ. ಮಠದ ಭಾಷೆಯಲ್ಲಿದ್ದರೆ ಅನುಭಾವ, ಹಟ್ಟಿಯ ಭಾಷೆಯಲ್ಲಿದ್ದರೆ ಗೊಂದಲ ಎನ್ನುವ ವಿಮರ್ಶೆಯ ಬಗ್ಗೆ ನನಗೆ ತಾಳ್ಮೆಯಿಲ್ಲ.

2019ರ ಅಕ್ಟೋಬರಿನಲ್ಲಿ ಸಿದ್ದಯ್ಯ ತೀರಿಕೊಂಡರು. ಆಮೇಲೆ ಲಕ್ಷ್ಮಣ ಕೆ.ಪಿ. ನಿರ್ದೇಶನದಲ್ಲಿ ಜಂಗಮ ಕಲೆಕ್ಟಿವ್ ‘ದಕ್ಲಕಥಾ ದೇವಿಕಾವ್ಯ’ವನ್ನು ರಂಗಕ್ಕೆ ತಂದಿತು. ಅರೆ, ತಮಟೆಗಳ ಸದ್ದಿನ ನಡುವೆ, ಓದುವಾಗ ಗಂಟಾಗಿದ್ದ ಸಾಲುಗಳು ಸಲೀಸಾಗಿ ಕಿವಿಗಿಳಿದವು. ಕೇಳಿಸಲೆಂದೇ ಹುಟ್ಟಿದ ಕಥೆಯನ್ನು ನಾವು ಪುಸ್ತಕದಲ್ಲಿ ಇಟ್ಟುಕೊಂಡು ಅರ್ಥವಾಗಲಿಲ್ಲ ಎನ್ನುತ್ತಿದ್ದೆವು.

ಇತ್ತ 2025ರ ಆಗಸ್ಟಿನಲ್ಲಿ ಪರಿಶಿಷ್ಟ ಜಾತಿಗಳ ಒಳಮೀಸಲಾತಿ ಹಂಚುವಾಗ, ದಕ್ಕಲಿಗರೂ ಸೇರಿದ ಅಲೆಮಾರಿಗಳಿಗೆ ಪ್ರತ್ಯೇಕವಾಗಿ ಶೇ 1 ಕೊಡಿ ಎಂದು ನಾಗಮೋಹನದಾಸ್ ಆಯೋಗ ಹೇಳಿತ್ತು. ಸರ್ಕಾರ ಅವರನ್ನು ಬಲಾಢ್ಯರ ಜೊತೆ ಶೇ 5ರ ಗುಂಪಿಗೆ ಸೇರಿಸಿತು. ಅಲೆಮಾರಿಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತರು.