ಕಡಿಮೆ ಖರ್ಚಿಗೆ ಒಳ್ಳೆಯ ದುರ್ಬೀನು

ಹಕ್ಕಿ ನೋಡುವವರಿಗೆ ಕಣ್ಣು, ಕಿವಿ, ತಾಳ್ಮೆ ಬಿಟ್ಟರೆ ಬೇಕಾದ ಮುಖ್ಯ ಸಲಕರಣೆ ದುರ್ಬೀನು. ಸಾವಿರ ರೂಪಾಯಿಗೂ ದುರ್ಬೀನು ಸಿಗುತ್ತದೆ. ಯುರೋಪಿನ ಹೆಸರಾಂತ ಕಂಪನಿಗಳ ದುರ್ಬೀನಿನ ಬೆಲೆ ಎರಡು ಲಕ್ಷ ರೂಪಾಯಿಯನ್ನೂ ದಾಟುತ್ತದೆ. ಐದರಿಂದ ಹತ್ತು ಸಾವಿರ ರೂಪಾಯಿ ಹೊಂದಿಸಬಲ್ಲ ವಿದ್ಯಾರ್ಥಿಗೆ, ಶಾಲಾ ಶಿಕ್ಷಕರಿಗೆ ವರ್ಷಗಟ್ಟಲೆ ಬಾಳುವ ದುರ್ಬೀನು ಖಂಡಿತ ದೊರೆಯುತ್ತದೆ. ಅಷ್ಟೇ ಹಣಕ್ಕೆ ಹತ್ತು ನಿಮಿಷದಲ್ಲಿ ತಲೆನೋವು ತರಿಸುವ ದುರ್ಬೀನೂ ದೊರೆಯುತ್ತದೆ. ಎರಡನ್ನೂ ಬೇರ್ಪಡಿಸಿ ನೋಡಲು ಪರಿಣತಿ ಬೇಕಿಲ್ಲ. ಅದರ ಮೇಲೆ ಬರೆದ ಅಂಕಿಗಳ ಅರ್ಥ, ಒಳಗಿನ ಗಾಜಿನ ಗುಣ, ಅಂಗಡಿಯಲ್ಲೇ ಮಾಡಿ ನೋಡಬಹುದಾದ ಕೆಲವು ಪರೀಕ್ಷೆಗಳು ಗೊತ್ತಿದ್ದರೆ ಸಾಕು.

ಅಂಕಿಗಳು ಹೇಳುವುದೇನು

ಪ್ರತಿ ದುರ್ಬೀನಿನ ಮೇಲೂ 8×42, 10×50 ಎಂಬಂತೆ ಎರಡು ಅಂಕಿಗಳಿರುತ್ತವೆ. ಮೊದಲನೆಯದು ಅದು ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ ಎಂಬುದನ್ನು, ಎರಡನೆಯದು ಮುಂದಿನ ಮಸೂರದ ವ್ಯಾಸ ಎಷ್ಟು ಮಿಲಿಮೀಟರ್ ಎಂಬುದನ್ನು ಹೇಳುತ್ತದೆ. 8×42ರಲ್ಲಿ ನೋಡಿದರೆ 80 ಮೀಟರ್ ದೂರದ ಕೊಕ್ಕರೆ 10 ಮೀಟರ್ ದೂರದಲ್ಲಿ ನಿಂತಷ್ಟು ದೊಡ್ಡದಾಗಿ ಕಾಣುತ್ತದೆ.

ಹೊಸದಾಗಿ ಕೊಳ್ಳುವವರ ಕಣ್ಣು ಮೊದಲು ಹೋಗುವುದು ಈ ಪಟ್ಟಿನ ಲೆಕ್ಕದ ಮೇಲೆ. 8ಕ್ಕಿಂತ 10 ಮೇಲು, 20 ಇನ್ನೂ ಮೇಲು ಎಂಬ ಎಣಿಕೆ ಸಹಜ, ಆದರೆ ಸರಿಯಲ್ಲ. ದುರ್ಬೀನು ಹಕ್ಕಿಯನ್ನು ಹಿಗ್ಗಿಸಿದಷ್ಟೇ ಕೈನಡುಕವನ್ನೂ ಹಿಗ್ಗಿಸುತ್ತದೆ. 10 ಪಟ್ಟಿನವರೆಗೆ ಹೆಚ್ಚಿನವರು ಕೈಯಲ್ಲೇ ಹಿಡಿದು ನೋಡಬಲ್ಲರು. ಅದನ್ನು ಮೀರಿದರೆ ಸ್ಟ್ಯಾಂಡ್ ಬೇಕಾಗುತ್ತದೆ. ರಂಗನತಿಟ್ಟಿನ ದೋಣಿಯಂತಹ ಅಲುಗಾಡುವ ಜಾಗದಲ್ಲಿ 8 ಪಟ್ಟಿನ ದುರ್ಬೀನು 10 ಪಟ್ಟಿನದಕ್ಕಿಂತ ಹೆಚ್ಚು ವಿವರ ತೋರಿಸುತ್ತದೆ.

ಪಟ್ಟು ಹೆಚ್ಚಿದಂತೆ ಕಾಣುವ ನೋಟದ ಅಗಲವೂ ಸಾಮಾನ್ಯವಾಗಿ ಕಿರಿದಾಗುತ್ತದೆ. ಈ ಅಗಲವನ್ನು ಡಿಗ್ರಿಯಲ್ಲೋ, 1,000 ಮೀಟರ್ ದೂರದಲ್ಲಿ ಎಷ್ಟು ಮೀಟರ್ ಎಂದೋ ಬರೆದಿರುತ್ತಾರೆ. 8 ಡಿಗ್ರಿ ಎಂದರೆ ಸುಮಾರು 140 ಮೀಟರ್. 6 ಡಿಗ್ರಿ ಎಂದರೆ ಸುಮಾರು 105 ಮೀಟರ್. ಎಲೆಗಳ ನಡುವೆ ಕೊಂಬೆಯಿಂದ ಕೊಂಬೆಗೆ ಜಿಗಿಯುವ ಉಲಿಯಕ್ಕಿಯನ್ನು ಹುಡುಕುವಾಗ ಈ ವ್ಯತ್ಯಾಸ ದೊಡ್ಡದು. ನೋಟ ಕಿರಿದಾದರೆ ಹಕ್ಕಿ ಸಿಗುವಷ್ಟರಲ್ಲಿ ಹಾರಿಹೋಗಿರುತ್ತದೆ.

ಎರಡನೆಯ ಅಂಕಿಯನ್ನು ಮೊದಲನೆಯದರಿಂದ ಭಾಗಿಸಿದರೆ ಇನ್ನೊಂದು ಮುಖ್ಯ ಸಂಗತಿ ತಿಳಿಯುತ್ತದೆ. 42ನ್ನು 8ರಿಂದ ಭಾಗಿಸಿದರೆ 5.25. ದುರ್ಬೀನಿನಿಂದ ಕಣ್ಣಿಗೆ ಬರುವ ಬೆಳಕಿನ ಕಂಬದ ವ್ಯಾಸ ಇಷ್ಟು ಮಿಲಿಮೀಟರ್. ಬಿಸಿಲಿನಲ್ಲಿ ಮನುಷ್ಯನ ಕಣ್ಣಿನ ಪಾಪೆ 2–3 ಮಿಲಿಮೀಟರಿಗೆ ಕುಗ್ಗುತ್ತದೆ. ಕತ್ತಲಲ್ಲಿ ಎಳೆಯರಿಗೆ ಸುಮಾರು 7ರವರೆಗೆ ಹಿಗ್ಗುತ್ತದೆ, ವಯಸ್ಸಾದಂತೆ ಈ ಹಿಗ್ಗು ಕಡಿಮೆಯಾಗುತ್ತದೆ. ಜೇಬಿಗೆ ಹಿಡಿಸುವ 10×25 ದುರ್ಬೀನು ಕೊಡುವುದು 2.5 ಮಿಲಿಮೀಟರ್ ಮಾತ್ರ. ಮಧ್ಯಾಹ್ನಕ್ಕೆ ಅದು ಸಾಕು. ಹಕ್ಕಿಗಳು ಚುರುಕಾಗಿರುವ ಬೆಳಗಿನ ಜಾವಕ್ಕೆ, ಮಲೆನಾಡಿನ ದಟ್ಟ ಕಾಡಿನ ನೆರಳಿಗೆ ಸಾಲದು. ಬೆಳಕು, ಸ್ಥಿರತೆ, ನೋಟದ ಅಗಲ, ತೂಕ ಇವೆಲ್ಲ ಹದವಾಗಿ ಸೇರುವುದು 8×40 ಅಥವಾ 8×42ರಲ್ಲಿ. ಹಕ್ಕಿ ನೋಡುವವರಲ್ಲಿ ಈ ಅಳತೆ ಇಷ್ಟು ಬಳಕೆಯಲ್ಲಿರುವುದಕ್ಕೆ ಇದೇ ಕಾರಣ.

ಎರಡು ಬಗೆಯ ಪ್ರಿಸಮ್

ಎರಡು ಮಸೂರಗಳಷ್ಟೇ ಇದ್ದರೆ ದೃಶ್ಯ ತಲೆಕೆಳಗಾಗಿ ಕಾಣುತ್ತದೆ. ಅದನ್ನು ನೆಟ್ಟಗೆ ಮಾಡುವುದು ಒಳಗಿರುವ ಪ್ರಿಸಮ್ ಎಂಬ ಗಾಜಿನ ಪಟ್ಟಕಗಳು. ಇಟಲಿಯ ಇಗ್ನಾಜಿಯೊ ಪೊರೋ ಈ ವಿಧಾನಕ್ಕೆ 1854ರಲ್ಲಿ ಪೇಟೆಂಟ್ ಪಡೆದರು. ಆ ಕಾಲದ ಗಾಜು ಅದಕ್ಕೆ ತಕ್ಕಷ್ಟು ಶುದ್ಧವಾಗಿರಲಿಲ್ಲ. ಜರ್ಮನಿಯ ಯೆನಾದಲ್ಲಿ ಅರ್ನ್ಸ್ಟ್ ಅಬ್ಬೆ ಅವರ ವಿನ್ಯಾಸದಂತೆ ಝೈಸ್ ಕಂಪನಿ ಪ್ರಿಸಮ್ ದುರ್ಬೀನನ್ನು ಮಾರುಕಟ್ಟೆಗೆ ತಂದದ್ದು 1894ರಲ್ಲಿ. ಮುಂದಿನ ಮಸೂರಗಳು ದೂರ ದೂರ, ಕಣ್ಣಿಡುವ ಮಸೂರಗಳು ಹತ್ತಿರ ಇರುವ, ನಡುವೆ ಮೆಟ್ಟಿಲಿನಂತೆ ತಿರುವು ಪಡೆಯುವ ಹಳೆಯ ಆಕಾರವೇ ಪೊರೋ ದುರ್ಬೀನು. ಎರಡು ನೇರ ಕೊಳವೆಗಳಂತೆ ಕಾಣುವ ತೆಳ್ಳನೆಯ ದುರ್ಬೀನಿನಲ್ಲಿ ಇರುವುದು ರೂಫ್ ಪ್ರಿಸಮ್.

ನೋಡಲು ರೂಫ್ ಪ್ರಿಸಮ್ಮಿನದು ಚೆಂದ, ಹಿಡಿಯಲು ಹಗುರ. ಆದರೆ ಅದರ ಪಟ್ಟಕದ ಮೂಲೆಯನ್ನು ಅತಿ ನಿಖರವಾಗಿ ಉಜ್ಜಬೇಕು. ಸಾಮಾನ್ಯವಾಗಿ ಬಳಸುವ ವಿನ್ಯಾಸದಲ್ಲಿ ಒಂದು ಮುಖಕ್ಕೆ ಕನ್ನಡಿಯ ಲೇಪನ ಕೊಡಬೇಕು. ಚಿತ್ರ ಮಸುಕಾಗದಿರಲು ಫೇಸ್ ಕೋಟಿಂಗ್ ಎಂಬ ಇನ್ನೊಂದು ಲೇಪನವೂ ಬೇಕು. ಇವೆಲ್ಲಕ್ಕೂ ಹಣ ತಗಲುತ್ತದೆ. ತೀರ ಅಗ್ಗದ ರೂಫ್ ದುರ್ಬೀನಿನಲ್ಲಿ ಈ ಕೆಲಸಗಳಲ್ಲೇ ಉಳಿತಾಯ ಮಾಡಿರುತ್ತಾರೆ. ಪೊರೋ ಪ್ರಿಸಮ್ಮಿಗೆ ಈ ಎರಡು ಲೇಪನಗಳ ಅಗತ್ಯವಿಲ್ಲ. ಹೀಗಾಗಿ ಬಜೆಟ್ ಸಣ್ಣದಿದ್ದಾಗ ಅಷ್ಟೇ ಹಣಕ್ಕೆ ಹೆಚ್ಚು ಸ್ಪಷ್ಟವಾದ ಚಿತ್ರ ಕೊಡುವುದು ಸಾಮಾನ್ಯವಾಗಿ ಪೊರೋ ದುರ್ಬೀನೇ.

ಪೊರೋದಲ್ಲಿ ಕೊರತೆಗಳೂ ಇವೆ. ಗಾತ್ರ ದೊಡ್ಡದು, ಕೆಳಗೆ ಬಿದ್ದರೆ ಒಳಗಿನ ಜೋಡಣೆ ಬೇಗ ತಪ್ಪುತ್ತದೆ, ಅಗ್ಗದ ಮಾದರಿಗಳಿಗೆ ನೀರಿನಿಂದ ರಕ್ಷಣೆ ಇರುವುದು ಅಪರೂಪ. ಹತ್ತಿರದ ವಸ್ತುವಿಗೆ ಫೋಕಸ್ ಸಿಗಲು ಹಲವು ಮಾದರಿಗಳಿಗೆ ನಾಲ್ಕೈದು ಮೀಟರ್ ದೂರ ಬೇಕು. ಚಿಟ್ಟೆಗಳನ್ನು ನೋಡುವ ಆಸೆಯಿದ್ದವರಿಗೆ ಎರಡು ಮೀಟರಿಗೇ ಫೋಕಸ್ ಆಗುವ ರೂಫ್ ದುರ್ಬೀನು ಅನುಕೂಲ. ಆಗುಂಬೆಯಂಥ ಮಳೆಯ ಸೀಮೆಯಲ್ಲಿ ಓಡಾಡುವವರು ಸ್ವಲ್ಪ ಹೆಚ್ಚು ಹಣ ಕೂಡಿಟ್ಟು, ನೈಟ್ರೋಜನ್ ತುಂಬಿ ಮುಚ್ಚಿದ, ನೀರು ಹೊಗದ ದುರ್ಬೀನು ಕೊಳ್ಳುವುದು ಒಳ್ಳೆಯದು. ತೇವವಿಲ್ಲದ ಆ ಅನಿಲದಿಂದಾಗಿ ಒಳಗಿನ ಗಾಜಿಗೆ ಮಂಜು ಕಟ್ಟುವುದಿಲ್ಲ.

ಲೇಪನದ ಲೆಕ್ಕ

ಗಾಜಿನ ಗುಣದಷ್ಟೇ ಮುಖ್ಯ ಅದರ ಮೇಲಿನ ಲೇಪನ. ಬರಿ ಗಾಜಿನ ಪ್ರತಿ ಮೇಲ್ಮೈ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಶೇ 4ರಷ್ಟನ್ನು ಹಿಂದಕ್ಕೆ ಪ್ರತಿಫಲಿಸುತ್ತದೆ. ಬೆಳಕು ಇಂಥ ಹತ್ತು ಮೇಲ್ಮೈಗಳನ್ನು ದಾಟಬೇಕಾದರೆ ಮೂರರಲ್ಲಿ ಒಂದು ಪಾಲು ದಾರಿಯಲ್ಲೇ ನಷ್ಟ. ಒಳಗೇ ಅಲೆಯುವ ಆ ಬೆಳಕು ಚಿತ್ರವನ್ನು ಮಂಕಾಗಿಸುತ್ತದೆ ಕೂಡ. ಝೈಸ್‌ನ ಅಲೆಕ್ಸಾಂಡರ್ ಸ್ಮಾಕುಲಾ 1935ರಲ್ಲಿ ಅಭಿವೃದ್ಧಿಪಡಿಸಿದ ಪ್ರತಿಫಲನ ತಡೆಯುವ ಲೇಪನ ಈ ನಷ್ಟವನ್ನು ಬಹಳಷ್ಟು ತಗ್ಗಿಸಿತು. ಈಗಿನ ಹಲವು ಪದರದ ಲೇಪನದಲ್ಲಿ ಪ್ರತಿ ಮೇಲ್ಮೈಯ ನಷ್ಟ ಶೇ ಅರ್ಧಕ್ಕಿಳಿದರೆ, ಅದೇ ಹತ್ತು ಮೇಲ್ಮೈ ದಾಟಿ ಶೇ 95ರಷ್ಟು ಬೆಳಕು ಕಣ್ಣು ಸೇರುತ್ತದೆ.

ಡಬ್ಬದ ಮೇಲಿನ ಪದಗಳನ್ನು ಈ ಹಿನ್ನೆಲೆಯಲ್ಲಿ ಓದಬೇಕು. ‘ಕೋಟೆಡ್’ ಎಂದರೆ ಕೆಲವು ಮೇಲ್ಮೈಗೆ ಮಾತ್ರ ಒಂದು ಪದರ. ‘ಫುಲ್ಲಿ ಕೋಟೆಡ್’ ಎಂದರೆ ಗಾಳಿಗೆ ತೆರೆದ ಎಲ್ಲ ಮೇಲ್ಮೈಗೂ ಒಂದು ಪದರ. ‘ಮಲ್ಟಿ ಕೋಟೆಡ್’ ಎಂದರೆ ಕೆಲವಕ್ಕೆ ಹಲವು ಪದರ. ‘ಫುಲ್ಲಿ ಮಲ್ಟಿ ಕೋಟೆಡ್’ ಎಂದರೆ ಎಲ್ಲಕ್ಕೂ ಹಲವು ಪದರ. ಸಿಕ್ಕರೆ ಇದನ್ನೇ ಆರಿಸಬೇಕು. ಮಾಣಿಕ್ಯದಂತೆ ಕೆಂಪಗೆ ಹೊಳೆಯುವ ಮಸೂರ ಮಾತ್ರ ಬೇಡ. ಅದು ಕೆಂಪು ಬೆಳಕನ್ನು ಹೊರಗೆ ತಳ್ಳಿ ಹಕ್ಕಿಯ ಬಣ್ಣವನ್ನೇ ಬದಲಿಸಿ ತೋರಿಸುತ್ತದೆ.

ಅಂಗಡಿಯಲ್ಲಿ ಪರೀಕ್ಷೆ

ಮೊದಲು ಒಂದು ಅಳತೆಪಟ್ಟಿ ಹಿಡಿದು ಮುಂದಿನ ಮಸೂರದ ವ್ಯಾಸ ನೋಡಬೇಕು. 50 ಎಂದು ಬರೆದು 35 ಮಿಲಿಮೀಟರ್ ಇದ್ದರೆ ಮಿಕ್ಕ ಅಂಕಿಗಳನ್ನೂ ನಂಬಬೇಕಿಲ್ಲ. ಜೂಮ್ ಇರುವವು, ಫೋಕಸ್ ಮಾಡುವುದೇ ಬೇಡ ಎನ್ನುವವು, 100 ಪಟ್ಟು ತೋರಿಸುತ್ತೇವೆ ಎನ್ನುವವುಗಳನ್ನು ಇಲ್ಲೇ ಪಕ್ಕಕ್ಕಿಡಬಹುದು.

ನಂತರ ದುರ್ಬೀನನ್ನು ಕೈ ಚಾಚಿ ದೂರ ಹಿಡಿದು, ಬೆಳಕಿನ ಗೋಡೆಯತ್ತ ತಿರುಗಿಸಿ ಕಣ್ಣಿಡುವ ಮಸೂರವನ್ನು ನೋಡಬೇಕು. ಅಲ್ಲೊಂದು ಬೆಳಕಿನ ಬಿಲ್ಲೆ ಕಾಣುತ್ತದೆ. ಅದು ಪೂರ್ತಿ ದುಂಡಗೆ, ಅಂಚಿನವರೆಗೂ ಬೆಳ್ಳಗಿದ್ದರೆ ಪ್ರಿಸಮ್ಮಿನ ಗಾಜು ಚೆನ್ನಾಗಿದೆ. ಆ ಗಾಜನ್ನು ಡಬ್ಬದ ಮೇಲೆ ಬಿಎಕೆ4 ಎಂದು ಬರೆದಿರುತ್ತಾರೆ. ಬದಿಗಳು ಬೂದು ಬಣ್ಣಕ್ಕೆ ತಿರುಗಿ ಬಿಲ್ಲೆ ಚೌಕದಂತೆ ಕಂಡರೆ ಗಾಜು ಕಡಿಮೆ ದರ್ಜೆಯದು, ಇಲ್ಲವೇ ಪ್ರಿಸಮ್ ಚಿಕ್ಕದು.

ಮೂರನೆಯದಾಗಿ ಅಂಗಡಿಯ ಹೊರಗೆ ಬಂದು ದೂರದ ಕರೆಂಟಿನ ತಂತಿಯನ್ನು ಐದು ನಿಮಿಷ ನೋಡಬೇಕು. ತಂತಿ ಎರಡಾಗಿ ಕಂಡರೆ, ಕಣ್ಣು ಎಳೆದಂತಾದರೆ ಎರಡು ಕೊಳವೆಗಳ ಜೋಡಣೆ ಸರಿಯಿಲ್ಲ. ಎಷ್ಟೇ ಅಗ್ಗವಾದರೂ ಅದನ್ನು ಕೊಳ್ಳಬಾರದು. ಬಿಳಿಯ ಆಕಾಶದೆದುರು ಕಪ್ಪು ಕೊಂಬೆಯ ಅಂಚಿನಲ್ಲಿ ನೇರಳೆ, ಹಸಿರು ಗೆರೆ ಕಾಣುವುದು ಅಗ್ಗದ ದುರ್ಬೀನಿನಲ್ಲಿ ಸಾಮಾನ್ಯ. ನೋಟದ ನಡುವೆ ಆ ಗೆರೆ ತೆಳ್ಳಗಿದ್ದರೆ ಸಾಕು.

ಕನ್ನಡಕ ಧರಿಸುವವರು ಐ ರಿಲೀಫ್ ಎಂಬ ಅಳತೆ ಕೇಳಬೇಕು. ಕಣ್ಣು ಮಸೂರದಿಂದ ಎಷ್ಟು ದೂರದವರೆಗೆ ಇದ್ದರೆ ಪೂರ್ತಿ ನೋಟ ಕಾಣುತ್ತದೆ ಎಂಬುದನ್ನು ಅದು ಹೇಳುತ್ತದೆ. ಅದು 15 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಕನ್ನಡಕದೊಳಗಿಂದ ನೋಟದ ನಡುಭಾಗ ಮಾತ್ರ ಕಂಡು ಅಂಚು ಕತ್ತರಿಸಿಹೋಗುತ್ತದೆ.

ಕೊಂಡ ಮೇಲೆ

ಎರಡು ಕಣ್ಣುಗಳ ಶಕ್ತಿ ಒಂದೇ ಇರುವುದಿಲ್ಲ. ಬಲಗಣ್ಣು ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಸ್ಪಷ್ಟ ಮಾಡಿಕೊಳ್ಳಬೇಕು. ಬಳಿಕ ಎಡಗಣ್ಣು ಮುಚ್ಚಿ, ಸಾಮಾನ್ಯವಾಗಿ ಬಲಗಡೆಯ ಮಸೂರಕ್ಕಿರುವ ಬಳೆಯನ್ನು ತಿರುಗಿಸಿ ಬಲಗಣ್ಣಿಗೆ ಹೊಂದಿಸಬೇಕು. ಇಷ್ಟು ಮಾಡದೆ ‘ದುರ್ಬೀನು ಸರಿಯಿಲ್ಲ’ ಎನ್ನುವವರು ಬಹಳ. ಮಳೆಗಾಲದಲ್ಲಿ ಮಸೂರಕ್ಕೆ ಬೂಷ್ಟು ಹಿಡಿಯದಂತೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಬೇಕು. ಅಂಗಿಯ ಚುಂಗಿನಿಂದ ಮಸೂರ ಒರೆಸಿದರೆ ಲೇಪನ ಗೀಚಿಹೋಗುತ್ತದೆ. ಮೊದಲು ಧೂಳು ಊದಿ ತೆಗೆದು, ಆಮೇಲೆ ಮೆತ್ತನೆಯ ಮೈಕ್ರೋಫೈಬರ್ ಬಟ್ಟೆ ಬಳಸಬೇಕು. ದುರ್ಬೀನಿನಿಂದ ಸೂರ್ಯನನ್ನು ಒಂದು ಕ್ಷಣವೂ ನೋಡಬಾರದು. ಅಷ್ಟರಲ್ಲೇ ದೃಷ್ಟಿ ಶಾಶ್ವತವಾಗಿ ಹೋಗಬಹುದು.

ಒಟ್ಟಿನಲ್ಲಿ, ಕೈಯಲ್ಲಿರುವ ಹಣ ಕಡಿಮೆಯಿದ್ದರೆ ಹೆಸರಿರುವ ಕಂಪನಿಯ, ವಾರಂಟಿ ಇರುವ, ಬಿಎಕೆ4 ಗಾಜಿನ 8×40 ಅಥವಾ 8×42 ಪೊರೋ ದುರ್ಬೀನು ಉತ್ತಮ ಆಯ್ಕೆ. ಹಣ ಕೊಡಬೇಕಾದ್ದು ಗಾಜಿಗೆ ಮತ್ತು ಲೇಪನಕ್ಕೆ, ಪಟ್ಟಿನ ಅಂಕಿಗಲ್ಲ. ಕೊಳ್ಳುವ ಮೊದಲು ಊರಿನ ಹಕ್ಕಿ ವೀಕ್ಷಕರ ಜೊತೆ ಒಂದು ಬೆಳಗ್ಗೆ ಕೆರೆಯಂಚಿಗೆ ಹೋಗಿ ಅವರ ದುರ್ಬೀನುಗಳಲ್ಲಿ ನೋಡಿ ಬನ್ನಿ. ಯಾವುದು ನಿಮ್ಮ ಕಣ್ಣಿಗೂ ಕೈಗೂ ಒಗ್ಗುತ್ತದೆ ಎಂಬುದು ಜಾಹೀರಾತಿಗಿಂತ ಅಲ್ಲಿ ಚೆನ್ನಾಗಿ ತಿಳಿಯುತ್ತದೆ.