ಭಾರತೀಯ ಫ್ಲ್ಯಾಪ್‌ಶೆಲ್ ಆಮೆ

ಭಾರತೀಯ ಫ್ಲ್ಯಾಪ್‌ಶೆಲ್ ಆಮೆ (ವೈಜ್ಞಾನಿಕ ಹೆಸರು: ಲಿಸ್ಸೆಮಿಸ್ ಪಂಕ್ಟಾಟಾ) ಟ್ರಯೋನಿಕಿಡೇ ಕುಟುಂಬಕ್ಕೆ ಸೇರಿದ ಸಿಹಿನೀರಿನ ಮೆದುಚಿಪ್ಪಿನ ಆಮೆ. ಭಾರತ, ಪಾಕಿಸ್ತಾನ, ನೇಪಾಳ ಮತ್ತು ಬಾಂಗ್ಲಾದೇಶಗಳಲ್ಲಿ ಕಂಡುಬರುತ್ತದೆ. ಇದನ್ನು 1789ರಲ್ಲಿ ಫ್ರಾನ್ಸಿನ ಬೊನ್ನಾತೇರ್ ವೈಜ್ಞಾನಿಕವಾಗಿ ಹೆಸರಿಸಿದರು. ಸಿಹಿನೀರಿನ ಜೀವಿಯಾದರೂ ವರ್ಷದ ಹಲವು ತಿಂಗಳು ನೀರೇ ಇಲ್ಲದ ಒಣಪ್ರದೇಶಗಳಲ್ಲಿ ಬದುಕಬಲ್ಲದು.

ದೇಹರಚನೆ

ಬೆನ್ನುಚಿಪ್ಪಿನ ಉದ್ದ ಗರಿಷ್ಠ ಸುಮಾರು 37 ಸೆಂ.ಮೀ. ಚಿಪ್ಪಿನ ಮೇಲೆ ಗಟ್ಟಿ ಫಲಕಗಳ ಬದಲು ಚರ್ಮದ ಹೊದಿಕೆಯಿದೆ. ಹೊಟ್ಟೆಯ ಭಾಗದ ಚಿಪ್ಪಿನ ಹಿಂತುದಿಯಲ್ಲಿ ಮಡಿಸಬಲ್ಲ ಎರಡು ಚರ್ಮದ ಮುಚ್ಚಳಗಳಿದ್ದು, ಹಿಂಗಾಲುಗಳನ್ನು ಒಳಗೆಳೆದುಕೊಂಡಾಗ ಅವು ಮುಚ್ಚಿಕೊಳ್ಳುತ್ತವೆ. ಇಂಗ್ಲಿಷ್ ಹೆಸರು ಬಂದದ್ದು ಇದರಿಂದಲೇ. ‘ಪಂಕ್ಟಾಟಾ’ ಎಂದರೆ ಚುಕ್ಕೆಯುಳ್ಳದ್ದು. ಆದರೆ ಎದ್ದುಕಾಣುವ ಹಳದಿ ಚುಕ್ಕೆಗಳಿರುವುದು ಉತ್ತರ ಭಾರತದ ಉಪಪ್ರಭೇದಕ್ಕೆ. ದಕ್ಷಿಣದ ಆಮೆಗೆ ಅವಿಲ್ಲ.

ಒಣನೆಲದ ಬದುಕು

ರಾಯಚೂರು ತಾಲೂಕಿನ ಗಿಲ್ಲೆಸುಗೂರು ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ದೋಆಬ್ ಪ್ರದೇಶದಲ್ಲಿದೆ. ಈ ಪ್ರದೇಶವೂ ಪ್ರಭೇದದ ವ್ಯಾಪ್ತಿಯೊಳಗೆ ಬರುತ್ತದೆ. ಇದು ಮರುಭೂಮಿಯಲ್ಲ, ಆದರೆ ಮಳೆ ಕಡಿಮೆ, ಬೇಸಿಗೆಯ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಸಣ್ಣ ಕೆರೆ ಹೊಂಡಗಳು ಬತ್ತುತ್ತವೆ. ಲೀತ್‌ನ ಮೆದುಚಿಪ್ಪಿನ ಆಮೆಯಂತಹ ದೊಡ್ಡ ಪ್ರಭೇದಗಳು ನದಿ ಹಾಗೂ ಜಲಾಶಯಗಳನ್ನು ಅವಲಂಬಿಸಿದರೆ, ಫ್ಲ್ಯಾಪ್‌ಶೆಲ್ ಆಮೆಗೆ ಕೆರೆ, ಕಾಲುವೆ, ಭತ್ತದ ಗದ್ದೆಯೂ ಸಾಕು.

ನೀರು ಇಂಗತೊಡಗಿದಾಗ ಆಮೆ ಬೇರೆ ನೀರನ್ನು ಹುಡುಕಿಕೊಂಡು ಹೋಗುತ್ತದೆ, ಇಲ್ಲವೇ ಕೆಸರಿನಲ್ಲಿ ಹೂತುಕೊಂಡು ಗ್ರೀಷ್ಮನಿದ್ರೆಗೆ ಜಾರುತ್ತದೆ. ಆಗ ಚಯಾಪಚಯ ಕ್ರಿಯೆ ನಿಧಾನವಾಗುತ್ತದೆ. ಮುಚ್ಚಿದ ಚರ್ಮದ ಮಡಿಕೆಗಳು ದೇಹದ ತೇವಾಂಶ ಆರಿಹೋಗುವುದನ್ನು ತಗ್ಗಿಸುತ್ತವೆ. ಮೇಲಿನ ಮಣ್ಣು ಬಿರುಕುಬಿಟ್ಟಿದ್ದರೂ ಕೆಳಗೆ ಆಮೆ ಜೀವಂತವಾಗಿರಬಹುದು. ಆದ್ದರಿಂದ ಬೇಸಿಗೆಯಲ್ಲಿ ಯಂತ್ರಗಳಿಂದ ಹೂಳೆತ್ತುವಾಗ ಅವು ಸಾಯುವ ಅಪಾಯವಿದೆ. ಖಾಲಿಯೆಂದು ತೋರುವ ಕೆರೆಯಂಗಳ ಖಾಲಿಯಾಗಿರಬೇಕೆಂದಿಲ್ಲ.

ಮೊಟ್ಟೆಗಳೂ ಋತುಮಾನಕ್ಕೆ ಹೊಂದಿಕೊಂಡಿವೆ. ಮಣ್ಣಿನಲ್ಲಿಟ್ಟ ಮೊಟ್ಟೆಯೊಳಗೆ ಭ್ರೂಣದ ಬೆಳವಣಿಗೆ ಕೆಲಕಾಲ ಸ್ಥಗಿತಗೊಳ್ಳುವುದರಿಂದ ಮರಿ ಹೊರಬರಲು ಹಲವು ತಿಂಗಳು ಹಿಡಿಯುತ್ತದೆ. ಒಂದು ಸಲಕ್ಕೆ 2ರಿಂದ 16 ಮೊಟ್ಟೆಗಳನ್ನಿಡುತ್ತದೆ.

ಆಹಾರ

ಇದು ಮಿಶ್ರಾಹಾರಿ. ಕಪ್ಪೆ, ಮೀನು, ಬಸವನಹುಳು, ಸಿಗಡಿ, ಜಲಸಸ್ಯಗಳ ಜೊತೆಗೆ ಸತ್ತ ಪ್ರಾಣಿಗಳನ್ನೂ ತಿನ್ನುತ್ತದೆ.

ಅಪಾಯ ಮತ್ತು ಸಂರಕ್ಷಣೆ

ಮಾಂಸಕ್ಕಾಗಿ ಹಾಗೂ ನಾಟಿ ಔಷಧದ ಹೆಸರಿನಲ್ಲಿ ಇದನ್ನು ಹಿಡಿಯಲಾಗುತ್ತದೆ. 2017ರ ಜನವರಿಯಲ್ಲಿ ಉತ್ತರ ಪ್ರದೇಶದ ಅಮೇಠಿ ಜಿಲ್ಲೆಯಲ್ಲಿ 6,000ಕ್ಕೂ ಹೆಚ್ಚು ಆಮೆಗಳನ್ನು ವಶಪಡಿಸಿಕೊಳ್ಳಲಾಯಿತು. ಅವುಗಳಲ್ಲಿ ಬಹುಪಾಲು ಈ ಪ್ರಭೇದದವು. ಐಯುಸಿಎನ್ ಇದನ್ನು ‘ದುರ್ಬಲ’ ವರ್ಗದಲ್ಲಿ ಇರಿಸಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1ನೇ ಅನುಸೂಚಿಯಲ್ಲಿರುವುದರಿಂದ ಇದನ್ನು ಬೇಟೆಯಾಡಿದರೆ 3ರಿಂದ 7 ವರ್ಷಗಳ ಸೆರೆವಾಸ ಮತ್ತು ಕನಿಷ್ಠ 25,000 ರೂಪಾಯಿ ದಂಡ ವಿಧಿಸಲು ಅವಕಾಶವಿದೆ.