ಹದಿಹರೆಯದ ಮಾನಸಿಕ ಒತ್ತಡ ಮತ್ತು ಅಂಶ ವಿಶ್ಲೇಷಣೆ

ವಿದ್ಯಾರ್ಥಿಗಳ ಜ್ಞಾನವನ್ನು ಅಳೆಯಲು ಪರೀಕ್ಷೆಗಳಿವೆ. ಪರೀಕ್ಷೆಯ ಭಯವನ್ನು ಅವರು ಎದುರಿಸುವ ಬಗೆಯನ್ನು ಅಳೆಯುವುದು ಅಷ್ಟು ಸುಲಭವಲ್ಲ. ಹತ್ತಿಗಿರಣಿಗಳ ನಗರವೆಂದು ಹೆಸರಾಗಿದ್ದು ಅನಂತರ ವಿದ್ಯಾಕೇಂದ್ರವಾಗಿ ಬೆಳೆದ ದಾವಣಗೆರೆಯ ಮಕ್ಕಳೂ ತುಂಗಭದ್ರೆಯ ದಡದ ಹರಿಹರದ ಮಕ್ಕಳೂ ಈ ಒತ್ತಡವನ್ನು ಬಲ್ಲರು. ಒಬ್ಬನು ಅಧ್ಯಾಪಕರ ನೆರವು ಕೋರುತ್ತಾನೆ. ಒಬ್ಬಳು ವೇಳಾಪಟ್ಟಿ ಹಾಕಿಕೊಂಡು ಓದುತ್ತಾಳೆ. ಮತ್ತೊಬ್ಬನು ಮೌನಕ್ಕೆ ಶರಣಾಗುತ್ತಾನೆ. ಈ ವೈವಿಧ್ಯದ ಹಿಂದಿರುವ ಕ್ರಮವನ್ನು ಅರಿಯಲು ನೆರವಾಗುವ ಗಣಿತಸಾಧನವೇ ಫ್ಯಾಕ್ಟರ್ ಅನಾಲಿಸಿಸ್, ಅಂದರೆ ಅಂಶ ವಿಶ್ಲೇಷಣೆ.

ಇದರ ಹುಟ್ಟಿಗೂ ಶಾಲೆಗೂ ನಂಟಿದೆ. ಒಂದು ವಿಷಯದಲ್ಲಿ ಮುಂದಿರುವ ಮಕ್ಕಳು ಇತರ ವಿಷಯಗಳಲ್ಲಿಯೂ ಸಾಮಾನ್ಯವಾಗಿ ಮುಂದಿರುವುದನ್ನು ಗಮನಿಸಿದ ಇಂಗ್ಲೆಂಡಿನ ಚಾರ್ಲ್ಸ್ ಸ್ಪಿಯರ್‌ಮನ್, ಇದರ ಹಿಂದೆ ಒಂದು ಸಾಮಾನ್ಯ ಅಂಶವಿದೆಯೆಂದು 1904ರಲ್ಲಿ ಪ್ರತಿಪಾದಿಸಿದರು. ಅನೇಕ ಅಂಶಗಳನ್ನು ಬೇರ್ಪಡಿಸುವ ಕ್ರಮವನ್ನು ಅಮೆರಿಕದ ಥರ್‌ಸ್ಟನ್ 1930ರ ದಶಕದಲ್ಲಿ ಬೆಳೆಸಿದರು.

ಮಕ್ಕಳ ಮುಂದೆ 40 ಹೇಳಿಕೆಗಳ ಪ್ರಶ್ನಾವಳಿಯನ್ನು ಇಟ್ಟರೆ 780 ಜೋಡಿಗಳಾಗುತ್ತವೆ. ಪ್ರತಿ ಜೋಡಿಯ ಸಹಸಂಬಂಧವನ್ನು ಲೆಕ್ಕಹಾಕಿ, ಒಟ್ಟಿಗೆ ಏರಿಳಿಯುವ ಹೇಳಿಕೆಗಳನ್ನು ಕೆಲವೇ ಗುಂಪುಗಳಾಗಿ ಕಾಣಿಸುವುದು ಈ ವಿಧಾನದ ಕಾರ್ಯ. ಆಸ್ಟ್ರೇಲಿಯಾದ ಫ್ರೈಡನ್‌ಬರ್ಗ್ ಮತ್ತು ಲೂಯಿಸ್ 1993ರಲ್ಲಿ ಪ್ರಕಟಿಸಿದ ಹದಿಹರೆಯದವರ ಮಾಪನವು ಹೀಗೆ 18 ಉಪಾಯಗಳನ್ನು ಗುರುತಿಸುತ್ತದೆ. ಸಮಸ್ಯೆಯನ್ನು ಬಿಡಿಸುವುದು, ಇತರರ ನೆರವು ಪಡೆಯುವುದು, ತನ್ನನ್ನೇ ದೂಷಿಸಿಕೊಳ್ಳುವುದು ಅವುಗಳಲ್ಲಿ ಕೆಲವು.

ಆದರೆ ಅಲ್ಲಿಯ ಗುಂಪುಗಳು ಇಲ್ಲಿಗೂ ಹೊಂದುತ್ತವೆಂದು ಭಾವಿಸಲಾಗದು. ದೇವರಲ್ಲಿ ಮೊರೆಯಿಡುವುದು ಒಂದೆಡೆ ಧೈರ್ಯದ ಹೇಳಿಕೆಗಳೊಡನೆ, ಇನ್ನೊಂದೆಡೆ ಸಮಸ್ಯೆಯಿಂದ ಜಾರಿಕೊಳ್ಳುವ ಹೇಳಿಕೆಗಳೊಡನೆ ಸೇರಬಹುದು. ಆದ್ದರಿಂದ ಪ್ರಶ್ನಾವಳಿಯನ್ನು ಕನ್ನಡಿಸಿದರೆ ಸಾಲದು; ದಾವಣಗೆರೆಯ ಮಕ್ಕಳ ಉತ್ತರಗಳಿಂದ ಗುಂಪುಗಳನ್ನು ಕಂಡುಕೊಂಡು, ಹರಿಹರದ ಬೇರೆ ಮಕ್ಕಳಲ್ಲಿ ಅವು ನಿಲ್ಲುವುವೇ ಎಂದು ಪರೀಕ್ಷಿಸಬೇಕು. ಗುಂಪುಗಳಿಗೆ ಹೆಸರಿಡುವವನು ಸಂಶೋಧಕನೇ ಹೊರತು ಗಣಿತವಲ್ಲ. ಯಾವುದು ಕಾರಣ, ಯಾವುದು ಪರಿಣಾಮ ಎಂಬುದನ್ನೂ ಗಣಿತ ಹೇಳದು.

ಶಾಲೆಗೆ ಇದರಿಂದಾಗುವ ಪ್ರಯೋಜನ ಸ್ಪಷ್ಟ. ಒಟ್ಟು ಅಂಕ ಸಮಾನವಾಗಿರುವ ಇಬ್ಬರಲ್ಲಿ ಒಬ್ಬನು ನೆರವು ಕೇಳುವವನಾಗಿ, ಇನ್ನೊಬ್ಬನು ತನ್ನನ್ನೇ ಹಳಿದುಕೊಳ್ಳುವವನಾಗಿ ಇರಬಹುದು. ಮೊತ್ತದಲ್ಲಿ ಮರೆಯಾಗುವ ಈ ಎರಡನೆಯವನನ್ನು ಗುಂಪುವಾರು ಅಂಕಗಳು ತೋರಿಸಬಲ್ಲವು. ಅವನಿಗೆ ಹಣೆಪಟ್ಟಿ ಹಚ್ಚದೆ, ಸಕಾಲದಲ್ಲಿ ಅವನ ಮಾತಿಗೆ ಕಿವಿಗೊಡುವುದು ಅಧ್ಯಾಪಕರ ಕರ್ತವ್ಯ.